ಉತ್ತರ ಗೋಡೆಯ ನೆರಳಿನ ಪಾತಿ: ಯಾವ ಎಲೆ, ಯಾವ ಬಣ್ಣ?

ಪ್ರಶ್ನೆ: ನಮಸ್ಕಾರ. ಬೆಂಗಳೂರಿನ ನಮ್ಮ ಎರಡಂತಸ್ತಿನ ಮನೆಯ ಉತ್ತರ ಗೋಡೆಗೆ ಅಂಟಿಕೊಂಡು 12 ಅಡಿ ಉದ್ದ, 3 ಅಡಿ ಅಗಲದ ಪಾತಿ ಇದೆ. ಗೋಡೆಗೆ ತಿಳಿ ಕೆನೆ ಬಣ್ಣ. ಬಣ್ಣ ಕಾಣಲಿ ಅಂತ ಕ್ರೋಟನ್, ಗೋಲ್ಡನ್ ದುರಂತಾ ಹಾಕಿದ್ದೆವು. ವರ್ಷ ತುಂಬುವಷ್ಟರಲ್ಲಿ ಎರಡೂ ಹಸಿರಾಗಿ, ಸಣಕಲಾಗಿ ಉದ್ದ ಬೆಳೆದು ನಿಂತಿವೆ. ಅಲ್ಲಿ ಯಾವ ಗಿಡ, ಎಷ್ಟು, ಹೇಗೆ ಜೋಡಿಸಬೇಕು?

ಉತ್ತರ (ಉದ್ಯಾನ ವಿನ್ಯಾಸಕರು): ಕ್ರೋಟನ್‌ನ ಕೆಂಪು, ದುರಂತಾದ ಬಂಗಾರ ಎರಡೂ ಬಿಸಿಲಿನಿಂದ ಬರುವ ಬಣ್ಣ. ಬೆಳಕು ಸಾಲದಿದ್ದರೆ ಗಿಡ ಎಲೆಯಲ್ಲಿ ಹಸಿರನ್ನು ಹೆಚ್ಚಿಸಿಕೊಳ್ಳುತ್ತದೆ, ಗೆಣ್ಣುಗಳ ನಡುವೆ ಉದ್ದ ಎಳೆಯುತ್ತದೆ. ಗೊಬ್ಬರ ಸುರಿದರೆ ಸರಿಹೋಗುವುದಿಲ್ಲ. ಎರಡನ್ನೂ ಬಿಸಿಲಿರುವ ಕಡೆಗೆ ಎತ್ತಿ ನೆಡಿ.

ಗಿಡ ಆರಿಸುವ ಮುನ್ನ ಒಂದು ವಿಷಯ. ಉತ್ತರದ ಕಡೆ ಅಂದರೆ ವರ್ಷವಿಡೀ ನೆರಳು ಅಂತ ತಿಳಿಯಬೇಡಿ. ಡಿಸೆಂಬರ್‌ನಲ್ಲಿ 20 ಅಡಿ ಗೋಡೆಯ ನೆರಳು ನಡುಮಧ್ಯಾಹ್ನವೂ ಸುಮಾರು 15 ಅಡಿ ಚಾಚಿರುತ್ತದೆ, ನಿಜ. ಆದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಜೂನ್ ಮೇಲೆ ಮೋಡ ಕಾಪಾಡುತ್ತದೆ. ಮೇ ತಿಂಗಳು ಮಾತ್ರ ಬಿಸಿಲು ನೇರ ಪಾತಿಗೆ ಬಡಿಯುತ್ತದೆ. ಡಿಸೆಂಬರ್‌ನಲ್ಲಿ ನೋಡಿ ನೆಟ್ಟ ಕೆಲೇಡಿಯಂ (ಕೆಸುವಿನಂಥ ಬಣ್ಣದೆಲೆಯ ಗೆಡ್ಡೆ ಗಿಡ) ಮೇನಲ್ಲಿ ಸುಟ್ಟು ಕಾಗದದಂತಾಗುವುದು ಇದಕ್ಕೇ. ಆ ಒಂದು ತಿಂಗಳು ಅರ್ಧ ಬಿಸಿಲು ತಡೆಯುವ, 50 ಶೇಕಡಾದ ಶೇಡ್ ನೆಟ್ ಕಟ್ಟಿ.

ಈಗ ಜೋಡಣೆ. ನೆರಳಲ್ಲಿ ಮೊದಲು ಎಲೆಯ ಆಕಾರ ನೋಡಿ, ಬಣ್ಣ ಆಮೇಲೆ. ಅಗಲ ಎಲೆ, ಸೀಳಿದ ಎಲೆ, ಹುಲ್ಲಿನಂಥ ಸಣ್ಣ ಎಲೆ ಅಕ್ಕಪಕ್ಕ ಬಂದರೆ ಬರೀ ಹಸಿರಿನಲ್ಲೇ ಪಾತಿ ತುಂಬಿ ಕಾಣುತ್ತದೆ. ನಿಮ್ಮ ಅಳತೆಗೆ:

ಎಡ ತುದಿಗೆ ಸೀಳೆಲೆಯ ಫಿಲೊಡೆಂಡ್ರಾನ್ ಕ್ಸನಾಡು 2, ಒಂದಕ್ಕೊಂದು 2.5 ಅಡಿ ಅಂತರ, ಗೋಡೆಯಿಂದ ಒಂದೂಕಾಲು ಅಡಿ ದೂರ. ಇನ್ನೂ ಹತ್ತಿರ ನೆಟ್ಟರೆ ಎರಡನೇ ವರ್ಷಕ್ಕೆ ಎಲೆಗಳು ಗೋಡೆಗೆ ಒತ್ತಿ ಮುರಿಯುತ್ತವೆ. ನಡುವೆ, ಸರಿಯಾಗಿ ಮಧ್ಯಕ್ಕಲ್ಲ, ಸ್ವಲ್ಪ ಬಲಕ್ಕೆ, ಅಗಲ ಎಲೆಯ ಬರ್ಡ್ಸ್ ನೆಸ್ಟ್ ಫರ್ನ್ ಒಂದೇ ಒಂದು. ಅದರ ಎರಡೂ ಬದಿಗೆ ಬೆಳ್ಳಿ ಎಲೆಯ ಅಗ್ಲೋನೆಮಾ 5, ಒಂದೂಕಾಲು ಅಡಿ ಅಂತರದಲ್ಲಿ, ಸಾಲಾಗಿ ಅಲ್ಲ, 3 ಮತ್ತು 2ರ ಗುಂಪಾಗಿ. ಬಲ ತುದಿಗೆ ನೆಫ್ರೋಲೆಪಿಸ್ ಫರ್ನ್ 3. ಮುಂದಿನ ಅಂಚಿನಲ್ಲಿ 7 ಅಡಿಗೆ ಬಿಳಿ ಗೆರೆಯ ಸ್ಪೈಡರ್ ಪ್ಲಾಂಟ್, 9 ಅಂಗುಲಕ್ಕೊಂದರಂತೆ 9 ಸಸಿ. ಉಳಿದ 5 ಅಡಿಗೆ ನೆಲದಲ್ಲಿ ಹಬ್ಬುವ ಕೆನ್ನೇರಳೆ ಎಲೆಯ ಹೆಮಿಗ್ರಾಫಿಸ್‌ನ ಕಾಂಡದ ತುಂಡುಗಳನ್ನು ಊರಿ. ಆ ಭಾಗ ಹೆಚ್ಚು ಬೆಳಕಿರುವ ತುದಿಯಲ್ಲಿರಲಿ, ಕತ್ತಲಲ್ಲಿ ಅದೂ ಬೂದು ಹಸಿರಾಗುತ್ತದೆ.

ನೆಫ್ರೋಲೆಪಿಸ್ ಬಗ್ಗೆ ಎಚ್ಚರ. ಅದು ಬಳ್ಳಿಬೇರು ಬಿಟ್ಟು ಒಂದು ಮಳೆಗಾಲದಲ್ಲಿ ಪಕ್ಕದ ಗಿಡಗಳ ಬುಡಕ್ಕೆ ನುಗ್ಗುತ್ತದೆ. ತಳ ಕತ್ತರಿಸಿದ ಹಳೆ ಬಕೆಟ್ ಹೂತು ಅದರೊಳಗೆ ನೆಡಿ, ಅಂಚು ಮಣ್ಣಿನಿಂದ ಅರ್ಧ ಅಂಗುಲ ಮೇಲಿರಲಿ.

ಗಿಡಗಳನ್ನು ಕವರ್ ಸಮೇತ ಇಟ್ಟು ನೋಡಿ, ಫೋನಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪಿಗೆ ಬದಲಿಸಿ. ಎಲ್ಲ ಒಂದೇ ಬೂದಿಯಂತೆ ಕಂಡರೆ ಜೋಡಣೆ ಸಪ್ಪೆಯಾಗಿದೆ. ಜಾಗ ಬದಲಿಸಿ, ಆಮೇಲೆ ಗುಂಡಿ ತೋಡಿ.

ಮರುಪ್ರಶ್ನೆ: ಬಿಳಿ ಕೆಲೇಡಿಯಂ ನನಗೆ ತುಂಬಾ ಇಷ್ಟ. ಗೋಡೆ ಬದಿಗೆ ಹಾಕಬಹುದೇ? ಮಣ್ಣಿಗೆ ಏನು ಸೇರಿಸಲಿ?

ಉತ್ತರ (ಉದ್ಯಾನ ವಿನ್ಯಾಸಕರು): ಕೆನೆ ಗೋಡೆಯ ಮುಂದೆ ಬಿಳಿ ಎಲೆ ಕಾಣುವುದೇ ಇಲ್ಲ. ಕ್ಸನಾಡುವಿನ ಮುಂದೆ ಇಡಿ, ಕಡುಹಸಿರು ಹಿಂದಿದ್ದರೆ ಬಿಳಿ ಎದ್ದು ಬರುತ್ತದೆ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಗೆಡ್ಡೆಯಾಗಿ ಮಲಗುವುದರಿಂದ 8 ಅಂಗುಲದ ಪಾಟಿನಲ್ಲಿ ಬೆಳೆಸಿ ಪಾಟನ್ನೇ ಹೂತುಬಿಡಿ. ಮಲಗಿದಾಗ ಎತ್ತಿ ನೀರು ನಿಲ್ಲಿಸಿ, ಆ ಗುಂಡಿಯಲ್ಲಿ ಬೇರೆ ಪಾಟ್ ಕೂರಿಸಿ. ಮಲಗಿದ ಗೆಡ್ಡೆಗೆ ನೀರು ಹಾಕುತ್ತಾ ಹೋದರೆ ಕೊಳೆಯುತ್ತದೆ.

ಮಣ್ಣಿನ ಮಾತು ನಮ್ಮ ಗುಂಪಿನ ನರ್ಸರಿಯವರು ಹೇಳಲಿ.

ಉತ್ತರ (ನರ್ಸರಿ ನಡೆಸುವವರು): ಗೋಡೆ ಬದಿಯಲ್ಲಿ ಮೊದಲು ಸಿಗುವುದು ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು. ಒಂದಡಿ ಅಗೆದು ಅವನ್ನೆಲ್ಲ ಹೊರಹಾಕಿ. 12×3×1 ಅಂದರೆ 36 ಘನ ಅಡಿ, ಸುಮಾರು 1000 ಲೀಟರ್. ಅರ್ಧ ಕೆಮ್ಮಣ್ಣು, ಕಾಲು ಭಾಗ ಎರೆಗೊಬ್ಬರ ಅಥವಾ ಹಳೆ ಕೊಟ್ಟಿಗೆ ಗೊಬ್ಬರ, ಕಾಲು ಭಾಗ ಕೊಕೊಪೀಟ್ (ತೆಂಗಿನ ನಾರಿನ ಪುಡಿ). 5 ಕೆಜಿಯ ಕೊಕೊಪೀಟ್ ಇಟ್ಟಿಗೆ ಮೂರು ನಾಲ್ಕು ಬೇಕು, ನೆನೆಸಿ ತೊಳೆದು ಹಿಂಡಿ ಬಳಸಿ. ಬೇವಿನ ಹಿಂಡಿ 2 ಕೆಜಿ ಕಲಸಿ. ಪಾತಿಯ ಮೇಲ್ಮಟ್ಟ ಮನೆಯ ಪ್ಲಿಂತ್‌ಗಿಂತ (ಅಡಿಪಾಯದ ಮೇಲಿನ ನೆಲಗಟ್ಟಿನ ಮಟ್ಟ) ಅರ್ಧ ಅಡಿ ಕೆಳಗಿರಲಿ, ಇಲ್ಲವಾದರೆ ಗೋಡೆಗೆ ತೇವ ಏರುತ್ತದೆ.

ಕವರ್ ಬಿಚ್ಚಿದಾಗ ಬೇರಿನ ಸುತ್ತ ಗಟ್ಟಿ ಜೇಡಿಮಣ್ಣಿನ ಉಂಡೆ ಇದ್ದರೆ ಹಾಗೇ ಹೂಳಬೇಡಿ. ಹೊರಗಿನ ಮಣ್ಣು ಒದ್ದೆ, ಉಂಡೆಯ ಒಳಗೆ ಒಣ. ಗಿಡ ನೀರಿನ ನಡುವೆಯೇ ಬಾಡುತ್ತದೆ. ನೀರಲ್ಲಿ ನೆನೆಸಿ, ಅಂಚನ್ನು ಬೆರಳಿಂದ ಸಡಿಲಿಸಿ.

ವಿನ್ಯಾಸಕರ ಒಂದು ಮಾತಿಗೆ ನನ್ನ ತಕರಾರಿದೆ. ಕೆನ್ನೇರಳೆ ಎಲೆ, ಕೆಳಗೆ ಕಪ್ಪು ಒದ್ದೆ ಮಣ್ಣು: ನಾಲ್ಕು ಹೆಜ್ಜೆ ದೂರದಿಂದ ಅಲ್ಲಿ ಗಿಡ ಇರುವುದೇ ಗೊತ್ತಾಗದು. ಹೆಮಿಗ್ರಾಫಿಸ್ ಬೇಕೇ ಬೇಕೆಂದರೆ ಅದರಡಿ ತಿಳಿ ಬಣ್ಣದ ಜಲ್ಲಿ ಹರಡಿ.

ಉತ್ತರ (ಉದ್ಯಾನ ವಿನ್ಯಾಸಕರು): ಒಪ್ಪಿದೆ.

ಮರುಪ್ರಶ್ನೆ: ಹೂವೇ ಬೇಡವೇ? ಮತ್ತೆ, ಮನೆಯಲ್ಲಿ ನಾಯಿಮರಿ ಇದೆ, ಮಳೆಗಾಲದಲ್ಲಿ ದೊಡ್ಡ ಬಸವನಹುಳುಗಳ ಕಾಟ.

ಉತ್ತರ (ನರ್ಸರಿ ನಡೆಸುವವರು): ಹೂವಿಗೆ ಪೀಸ್ ಲಿಲಿ, ಇಂಪೇಶನ್ಸ್. ಪೀಸ್ ಲಿಲಿ ಬರೀ ಎಲೆ ಬಿಡುತ್ತಿದ್ದರೆ ಬೆಳಕು ಸಾಲದು ಅಥವಾ ಸಾರಜನಕದ ಗೊಬ್ಬರ ಹೆಚ್ಚಾಗಿದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸ್ಪೈಡರ್ ಪ್ಲಾಂಟಿನ ತುದಿ ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟರೆ ಅದನ್ನು ಬಳಸಿ.

ಕೆಲೇಡಿಯಂ, ಅಗ್ಲೋನೆಮಾ, ಕ್ಸನಾಡು, ಪೀಸ್ ಲಿಲಿ, ಇವೆಲ್ಲ ಕೆಸುವಿನ ಕುಲ. ನಾಯಿಮರಿ ಜಗಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತದೆ, ನಾಲಿಗೆ ಊದಬಹುದು. ಮರಿ ದೊಡ್ಡದಾಗುವವರೆಗೆ ಒಂದೂವರೆ ಅಡಿಯ ಜಾಲರಿ ಬೇಲಿ ಹಾಕಿ. ಎರಡು ಫರ್ನ್‌ಗಳು ಮತ್ತು ಸ್ಪೈಡರ್ ಪ್ಲಾಂಟಿನಿಂದ ಆ ಭಯವಿಲ್ಲ.

ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಎತ್ತಿ ಸೇರಿಕೊಂಡವನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪನ್ನು ಪಾತಿಗೆ ನೇರವಾಗಿ ಎರಚಿದರೆ ಹುಳುವಿನ ಜೊತೆ ಗಿಡವೂ ಹೋಗುತ್ತದೆ.