‘ದಿ ನಾಕೌಟ್’ ಧಾರಾವಾಹಿ: ಹೆಸರು, ಅರೆಸ್ಟು, ಇಸವಿ ಮೂರೂ ಗೋಜಲು. ಮನೆಯವರಿಗೆ ಹೇಗೆ ಬಿಡಿಸಿ ಹೇಳೋದು?

ಪ್ರಶ್ನೆ: ಸಾಗರ_ಜಡಿಮಳೆ

ಚೀನಾದ ಪೊಲೀಸ್ ಧಾರಾವಾಹಿ ‘ದಿ ನಾಕೌಟ್’ (2023, 39 ಕಂತು) ಮನೆಯಲ್ಲಿ ಎಲ್ಲರೂ ಸೇರಿ ನೋಡ್ತಿದ್ದೇವೆ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಕ್ಕೆ ಬರಲ್ಲ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು. ಗಾವ್ ಮನೆಯವರ ಹೆಸರೆಲ್ಲ ಒಂದೇ ಥರ ಕೇಳುತ್ತೆ. ಹಿಡಿದು ತಂದವನನ್ನೇ ಮತ್ತೆ ‘ಅರೆಸ್ಟ್’ ಮಾಡಕ್ಕೆ ಅನುಮತಿ ಯಾಕೆ ಬೇಕು? ಕಥೆ ಯಾವ ಇಸವಿಯಲ್ಲಿದೆ ಅಂತ ಥಟ್ಟನೆ ಗುರುತಿಸೋದು ಹೇಗೆ? ದಯವಿಟ್ಟು ಮುಂದಿನ ಕಥೆ ಯಾರೂ ಹೇಳಬೇಡಿ.

ಉತ್ತರ: ತುಂಗಾತೀರ

ಮೊದಲು ಹೆಸರು. ಮನೆತನದ ಹೆಸರು ಮುಂದೆ ಬರುತ್ತೆ, ನಮ್ಮ ಇನಿಶಿಯಲ್ ಇದ್ದ ಹಾಗೆ. ಗಾವ್ ಅನ್ನೋದು ಮನೆತನ. ನಡುವಿನ ‘ಚೀ’ ಮೂವರು ಒಡಹುಟ್ಟಿದವರಿಗೂ ಒಂದೇ. ಹಾಗಾಗಿ ಕೊನೇ ಅಕ್ಷರ ಮಾತ್ರ ನೆನಪಿಡಿ. ಚಿಯಾಂಗ್ ದೊಡ್ಡಣ್ಣ, ಹೆಸರಿನ ಅರ್ಥ ಬಲಶಾಲಿ. ಶೆಂಗ್ ತಮ್ಮ, ಏಳಿಗೆ ಅಂತ ಅರ್ಥ. ಲಾನ್ ತಂಗಿ, ಅಂದರೆ ಆರ್ಕಿಡ್, ನಮ್ಮ ಸೀತಾಳೆ ದಂಡೆಯ ಕುಲದ ಹೂವು. ಅಮ್ಮನಿಗೆ ಹೀಗೆ ಹೇಳಿದರೆ ಒಂದೇ ಸಲಕ್ಕೆ ಕೂರುತ್ತೆ.

ಉಚ್ಚಾರಕ್ಕೆ ಕನ್ನಡ ಲಿಪಿಯೇ ಇಂಗ್ಲಿಷಿಗಿಂತ ಹತ್ತಿರ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆ ಇವೆ, ಆದರೆ ಗ, ದ, ಬ ಇಲ್ಲ. ಸಬ್‌ಟೈಟಲ್‌ನಲ್ಲಿ ಜಿ ಅಕ್ಷರ ಕಂಡರೆ ಕ, ಕೆ ಕಂಡರೆ ಖ. ಡಿ ಕಂಡರೆ ತ, ಟಿ ಕಂಡರೆ ಥ. ಕ್ಯೂ ಕಂಡರೆ ಛ (ನಾನು ಗಾವ್, ಚೀ ಅಂತ ಬರೆದಿದ್ದು ಸುಲಭಕ್ಕೆ). ಎಕ್ಸ್ ಅಂದರೆ ಶ, ಎಸ್ಎಚ್ ಅಂದರೆ ಷ. ನಾಯಕ ಪೊಲೀಸಿನವನು ‘ಆನ್ ಶಿನ್’, ‘ಆನ್ ಕ್ಸಿನ್’ ಅಲ್ಲ.

ಕರೆಯೋ ರೀತಿಗೂ ಕಿವಿ ಕೊಡಿ, ಅಲ್ಲೇ ಕಥೆಯ ಜೀವ ಇದೆ. ಹೆಸರಿನ ಕೊನೆಗೆ ‘ಕ’ ಥರದ ಸದ್ದು ಸೇರಿದರೆ ‘ಅಣ್ಣ’ ಅಂತ. ಮೊದಮೊದಲು ಮೀನು ಮಾರುವ ಗಾವ್ ಚೀಚಿಯಾಂಗ್‌ನನ್ನು ಹಾಗೆ ಕರೆಯೋರು ವಿರಳ. ಬರಬರುತ್ತಾ ಯಾರ್ಯಾರ ಬಾಯಲ್ಲಿ ‘ಚಿಯಾಂಗಣ್ಣ’ ಬರುತ್ತೆ ನೋಡಿ, ಅಧಿಕಾರ ಎಲ್ಲಿಗೆ ಹರೀತಿದೆ ಅಂತ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ ‘ಮಿಸ್ಟರ್ ಗಾವ್’ ಅಂತ ಹಾಕಿಬಿಟ್ಟರೆ ಈ ಸೂಕ್ಷ್ಮ ಪೂರ್ತಿ ಹೋಗುತ್ತೆ. ‘ಲಾವ್’ ಮುಂದೆ ಬಂದರೆ ಹಿರಿಯ, ‘ಶ್ಯಾವ್’ ಬಂದರೆ ಕಿರಿಯ. ‘ಮಂಗ್ ಚ್ಯು’ ಅಂದರೆ ಪೊಲೀಸ್ ಬ್ಯೂರೋ ಮುಖ್ಯಸ್ಥ ಮಂಗ್, ಹುದ್ದೆಯನ್ನು ಒಂದೇ ಅಕ್ಷರಕ್ಕೆ ಇಳಿಸಿರ್ತಾರೆ.

ಉತ್ತರ: ಕೋರ್ಟ್_ರಸ್ತೆ

ಅರೆಸ್ಟಿನ ವಿಷಯಕ್ಕೆ ಬರ್ತೀನಿ. ಅಲ್ಲಿ ಮೂರು ಮೆಟ್ಟಿಲಿವೆ, ಸಬ್‌ಟೈಟಲ್ ಮಾಡೋರು ಎಷ್ಟೋ ಸಲ ಎಲ್ಲಕ್ಕೂ ಒಂದೇ ಪದ ಹಾಕ್ತಾರೆ. ಮೊದಲನೆಯದು ವಿಚಾರಣೆಗೆ ಕರೆಸೋದು: 12 ಗಂಟೆ ಮಿತಿ. ಕ್ಲಿಷ್ಟ ಪ್ರಕರಣಕ್ಕೆ 24 ಗಂಟೆ ಅನ್ನೋದು 2012ರ ತಿದ್ದುಪಡಿಯಲ್ಲಿ ಸೇರಿದ್ದು, ಹಾಗಾಗಿ ಕಥೆಯ 2000ದ ಭಾಗಕ್ಕೆ ಅದು ಅನ್ವಯಿಸಲ್ಲ. ಎರಡನೆಯದು ಪೊಲೀಸರೇ ವಶದಲ್ಲಿಡೋದು. ಮೂರನೆಯದೇ ಕಾನೂನಿನ ಅರ್ಥದ ಅರೆಸ್ಟ್, ಇದಕ್ಕೆ ಪ್ರೊಕ್ಯುರೇಟರೇಟ್ ಅನ್ನೋ ಅಭಿಯೋಜನಾ ಸಂಸ್ಥೆ ಒಪ್ಪಬೇಕು. ಗುಂಪು ಅಪರಾಧ ಅಥವಾ ಸರಣಿ ಅಪರಾಧ ಆಗಿದ್ದರೆ ಪೊಲೀಸರು 30 ದಿನದೊಳಗೆ ಕಡತ ಕಳಿಸಬೇಕು, ಪ್ರೊಕ್ಯುರೇಟರೇಟ್ 7 ದಿನದಲ್ಲಿ ತೀರ್ಮಾನ ಹೇಳಬೇಕು. ಒಟ್ಟು 37 ದಿನ. ನಮ್ಮಲ್ಲಿ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಲ್ಲ, ಅದರ ಜೊತೆ ಹೋಲಿಸಿ ಹೇಳಿ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಪೊಲೀಸ್, ಅಭಿಯೋಜನೆ, ನ್ಯಾಯಾಲಯ ಮೂರರ ಮೇಲೂ ಕಮ್ಯುನಿಸ್ಟ್ ಪಕ್ಷದ ರಾಜಕೀಯ-ಕಾನೂನು ಸಮಿತಿ ಇರುತ್ತೆ. ಊರಿನ ಒಬ್ಬ ದೊಡ್ಡ ಅಧಿಕಾರಿ ಒಂದು ಕುಟುಂಬದ ಕೈಗೆ ಸಿಕ್ಕರೆ ಸಾಕ್ಷಿ ಎಷ್ಟಿದ್ದರೂ ಕಡತ ಅಲ್ಲಾಡಲ್ಲ. ಅದಕ್ಕೇ 2021ರ ಭಾಗದಲ್ಲಿ ಹೊರಗಿಂದ ಮಾರ್ಗದರ್ಶನ ತಂಡ ಬಂದಿಳಿಯೋದು. ಆ ವರ್ಷ ಚೀನಾದಲ್ಲಿ ಪೊಲೀಸ್, ನ್ಯಾಯಾಂಗದವರನ್ನು ತಿದ್ದುವ ಅಭಿಯಾನ ನಿಜಕ್ಕೂ ನಡೆದಿತ್ತು.

ಉತ್ತರ: ಆಗುಂಬೆ_ಘಾಟಿ

ಇಸವಿ ಮೂರೇ: 2000, 2006, 2021. ಆನ್ ಶಿನ್ ತಲೆ ನೋಡಿ. ಕೂದಲು ಬೆಳ್ಳಗಾಗಿದ್ದರೆ 2021, ಆ ಬಿಳಿಯೇ ಅರ್ಧ ಕಥೆ ಹೇಳುತ್ತೆ. 2000ದಲ್ಲಿ ಎಳೆ ಹುಡುಗ. ಮೊದಲ ಕಂತಿನಲ್ಲಿ ಚೀನೀ ಹೊಸವರ್ಷದ ಹಿಂದಿನ ರಾತ್ರಿ ಠಾಣೆಯೊಳಗೆ ಅವನು ಹೊಡೆತ ತಿಂದ ಮೀನಿನವನಿಗೆ ಡಂಪ್ಲಿಂಗ್ ಕೊಡ್ತಾನೆ. ನೋಡಕ್ಕೆ ನಮ್ಮ ಕರಿಗಡುಬೇ, ಒಳಗೆ ಹೂರಣದ ಬದಲು ಮಾಂಸ, ಸೊಪ್ಪು. ಹಬ್ಬಕ್ಕೆ ಮನೆಯವರೆಲ್ಲ ಕೂತು ತಿನ್ನೋ ಅಡುಗೆ ಅದು. ಆ ತಟ್ಟೆ ಅಮ್ಮ ಸರಿಯಾಗಿ ನೋಡಲಿ, ಓಡಿಸಬೇಡಿ.

ಕಥೆ ನಡೆಯೋ ಜಿಂಗ್‌ಹಾಯ್ ಅನ್ನೋ ಊರು ಕಲ್ಪಿತ, ಚಿತ್ರೀಕರಣ ಗ್ವಾಂಗ್‌ಡಾಂಗ್ ಪ್ರಾಂತ್ಯದ ಜಿಯಾಂಗ್‌ಮೆನ್‌ನಲ್ಲಿ. ನಕಾಶೆ ಹುಡುಕ್ತಾ ಕೂರಬೇಡಿ.

ಪ್ರಶ್ನೆ ಕೇಳಿದವರು: ಸಾಗರ_ಜಡಿಮಳೆ

ಭಾಳ ಉಪಕಾರ ಆಯ್ತು ಮಾರಾಯ್ರೆ. ಇದು ಮುಗಿದ ಮೇಲೆ ಇಂಥದ್ದೇ ಇನ್ನೊಂದು ಇದೆಯಾ?

ಉತ್ತರ: ತುಂಗಾತೀರ

‘ದಿ ಥಂಡರ್’ ನೋಡಿ, 2019, 48 ಕಂತು. ಅಲ್ಲಿ ಒಂದು ಮನೆಯಲ್ಲ, ಇಡೀ ಊರಿಗೆ ಊರೇ ಲಿನ್ ಮನೆತನ, ಕಸುಬು ಮಾದಕವಸ್ತು ತಯಾರಿಕೆ. 2013ರ ಡಿಸೆಂಬರ್ 29ರಂದು ಗ್ವಾಂಗ್‌ಡಾಂಗ್‌ನ ಬೋಶೆ ಹಳ್ಳಿಗೆ 3,000ಕ್ಕೂ ಹೆಚ್ಚು ಪೊಲೀಸರು ನುಗ್ಗಿ ಸುಮಾರು 3 ಟನ್ ಮೆಥ್ ಹಿಡಿದರು, ಆ ದಾಳಿಯೇ ಇದಕ್ಕೆ ಆಧಾರ. ಹೆಸರೆಲ್ಲ ‘ಲಿನ್’ನಿಂದಲೇ ಶುರು, ಹಾಗಾಗಿ ಮೊದಲ ಕಂತಿಗೇ ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದು ಟಿ.ವಿ. ಪಕ್ಕ ಅಂಟಿಸಿಕೊಳ್ಳಿ.