ಅಪ್‌ಡೇಟ್: ತಿಂಡಿಗಳೆಲ್ಲ ತಲುಪಿದವು, ಒಂದು ಡಬ್ಬಿ ಬಿಟ್ಟು

ವಿದೇಶಕ್ಕೆ ಹೋಗುವಾಗ ತಿಂಡಿಗಳನ್ನು ಯಾವ ಬ್ಯಾಗಿನಲ್ಲಿ ಹಾಕಲಿ ಅಂತ ಕೇಳಿದ್ದೆನಲ್ಲ, ಹೋಗಿ ಬಂದಾಯ್ತು.

ಬಿಸ್ಕೆಟ್, ಚಾಕಲೇಟ್, ಹುರಿದ ಬಾದಾಮಿ ಆರಾಮಾಗಿ ತಲುಪಿದವು. ಸೀಲ್ ಒಡೆಯಬೇಡಿ, ಲೇಬಲ್ ಇರಲಿ ಅಂದವರಿಗೆ ಥ್ಯಾಂಕ್ಸ್. ಫಾರ್ಮ್‌ನಲ್ಲಿ ಆಹಾರ ಇದೆ ಅಂತ ಟಿಕ್ ಮಾಡಿದ್ದೆ. ಕಸ್ಟಮ್ಸ್‌ನವರು ಲೇಬಲ್ ಓದಿ ಅರ್ಧ ನಿಮಿಷದಲ್ಲಿ ಬಿಟ್ಟರು. ನನ್ನ ಪಕ್ಕದವರ ಬ್ಯಾಗಿನಲ್ಲಿ ಎರಡು ಸೇಬು ಸಿಕ್ಕಿದವು. ಪಾಪ, ವಿಮಾನದಲ್ಲಿ ತಿನ್ನೋಕೆ ಇಟ್ಟು ಮರೆತಿದ್ದರಂತೆ. ತಾಜಾ ಹಣ್ಣು, ಮಾಂಸ, ಬೀಜ ಅಂದರೆ ಹಲವು ದೇಶಗಳಲ್ಲಿ ತುಂಬಾ ಕಟ್ಟುನಿಟ್ಟು. ಹೇಳದೆ ಸಿಕ್ಕಿಬಿದ್ದರೆ ದಂಡವೂ ಬೀಳಬಹುದು.

ನಾನು ಎಡವಿದ್ದು ಪೀನಟ್ ಬಟರ್‌ನಲ್ಲಿ. ಸುಮ್ನೆ ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಸೆಕ್ಯುರಿಟಿಯವರು ಡಬ್ಬಿ ಎತ್ತಿ, ಇದು ದ್ರವದ ಲೆಕ್ಕ, 100 ಎಂಎಲ್ ದಾಟಬಾರದು ಅಂದರು. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಅದ್ಹೇಗೆ ದ್ರವ! ವಾದ ಮಾಡಲಿಲ್ಲ, ಹಿಂದೆ ಉದ್ದ ಸಾಲಿತ್ತು. ಚೆಕ್‌-ಇನ್ ಬ್ಯಾಗಿನಲ್ಲಿ ಹಾಕಿದ್ದರೆ ಉಳಿಯುತ್ತಿತ್ತು.

ಚಿಪ್ಸ್ ಪ್ಯಾಕೆಟ್ ಮಾತ್ರ ನೋಡಬೇಕಿತ್ತು. ಮೇಲೆ ಹೋದಂತೆ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತೆ ಅಲ್ವಾ, ದಿಂಬಿನ ಹಾಗೆ ಉಬ್ಬಿತ್ತು. ಒಡೆಯಲಿಲ್ಲ. ಇಳಿಯುವ ಮೊದಲೇ ನಾವೇ ಖಾಲಿ ಮಾಡಿದೆವು.