ಎಂಜಿನ್ ಸರಿ ಇದ್ದರೂ ಜೆಟ್ ಬೀಳುವುದೇಕೆ? ಎಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಜೊತೆ ವಿಮಾನ ರಿಪೇರಿ ಮತ್ತು ತಪಾಸಣೆ ಮಾಡಿ ನಿವೃತ್ತರಾದ ಎಂಜಿನಿಯರ್ ಮೇಡಂ ಇದ್ದಾರೆ. ವಿಷಯ: ಸಣ್ಣ ಜೆಟ್‌ಗಳು ಟೇಕಾಫ್ ಆದ ಕೂಡಲೇ ಬೀಳುವುದೇಕೆ. ಹೆಸರು ಬೇಡ, ಊರು ಹಾಕಿ ಸಾಕು. ಫಾರ್ವರ್ಡ್ ಹಾಕಬೇಡಿ.

ತುಮಕೂರು: ನಮಸ್ಕಾರ ಮೇಡಂ. 2024ರ ಜುಲೈ 24ರಂದು ಕಠ್ಮಂಡುವಿನಲ್ಲಿ ಸೌರ್ಯ ಏರ್‌ಲೈನ್ಸ್ ಜೆಟ್ ಮೇಲೆದ್ದ ಕೆಲವೇ ಸೆಕೆಂಡಿನಲ್ಲಿ ಬಿತ್ತಲ್ಲ, 19 ಜನರಲ್ಲಿ 18 ಜನ ಹೋದರು. ವಿಡಿಯೋದಲ್ಲಿ ಪಕ್ಕಕ್ಕೆ ಮಗುಚಿ ಬಿದ್ದದ್ದು ಕಾಣುತ್ತದೆ. ಎಂಜಿನ್ ಕೈಕೊಟ್ಟಿತಾ?

ಎಂಜಿನಿಯರ್: ನಮಸ್ಕಾರ. ತನಿಖಾ ವರದಿ ಎಂಜಿನ್ ಕಡೆ ಬೆರಳು ತೋರಿಸಿಲ್ಲ. ಅದು ಸ್ಟಾಲ್. ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿದರೆ ಮಾತ್ರ ರೆಕ್ಕೆ ವಿಮಾನವನ್ನು ಎತ್ತುತ್ತದೆ. ಮೂಗನ್ನು ಮಿತಿ ಮೀರಿ ಎತ್ತಿದರೆ ಗಾಳಿ ರೆಕ್ಕೆಯನ್ನು ಬಿಟ್ಟುಬಿಡುತ್ತದೆ. ಎಂಜಿನ್ ಎಷ್ಟೇ ಜೋರಾಗಿ ಓಡುತ್ತಿದ್ದರೂ ಆಗ ವಿಮಾನ ನಿಲ್ಲುವುದಿಲ್ಲ. ಎರಡು ರೆಕ್ಕೆಗೂ ಒಂದೇ ಸಲ ಹೀಗಾಗುವುದು ಅಪರೂಪ. ಮೊದಲು ಸೋತ ಕಡೆಗೆ ವಿಮಾನ ಮಗುಚುತ್ತದೆ. ನೀವು ವಿಡಿಯೋದಲ್ಲಿ ಕಂಡದ್ದು ಅದು.

ಅದು ಬೊಂಬಾರ್ಡಿಯರ್ ಕಂಪನಿಯ ಸಿಆರ್‌ಜೆ-200 ಅನ್ನುವ ಸಣ್ಣ ಜೆಟ್. ಸುಮಾರು ಒಂದು ತಿಂಗಳು ನಿಂತಿದ್ದ ವಿಮಾನ, ದೊಡ್ಡ ತಪಾಸಣೆಗೆ ಪೋಖರಾಕ್ಕೆ ಹೊರಟಿತ್ತು. ಎಷ್ಟು ತೂಕಕ್ಕೆ ಎಷ್ಟು ವೇಗದಲ್ಲಿ ಮೂಗು ಎತ್ತಬೇಕು ಅಂತ ಪೈಲಟ್‌ಗಳ ಬಳಿ ಒಂದು ಕಾರ್ಡ್ ಇರುತ್ತದೆ. 18,500 ಕೆಜಿಯ ಆ ಕಾರ್ಡ್‌ನಲ್ಲಿ ಅಂಕಿಗಳೇ ತಪ್ಪಿದ್ದವು, ಬೇಕಾದ್ದಕ್ಕಿಂತ ಕಡಿಮೆ ಇದ್ದವು. ಅದರ ಜೊತೆಗೆ ಎತ್ತಿದ ರಭಸ. ಸೆಕೆಂಡಿಗೆ 3 ಡಿಗ್ರಿ ಎತ್ತಬೇಕಾದಲ್ಲಿ 8.6ರವರೆಗೆ ಹೋಗಿದೆ. ಕಡಿಮೆ ವೇಗ, ಜಾಸ್ತಿ ರಭಸ, ಕೆಳಗೆ ಎತ್ತರವೇ ಇಲ್ಲ. ಸರಿಮಾಡಿಕೊಳ್ಳಲು ಜಾಗ ಎಲ್ಲಿದೆ?

ಬಳ್ಳಾರಿ: ಎಂಜಿನ್ ಫೇಲ್ ಆಗಿರಬಹುದಲ್ವಾ ಮೇಡಂ?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ದಾವಣಗೆರೆ: ಹಕ್ಕಿ ಬಡಿದು ಬಿದ್ದದ್ದು ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬಂದಿದೆ.

ಎಂಜಿನಿಯರ್: ಇಲ್ಲ.

ಹಾಸನ: ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ವಿಮಾನದ ಮೆಂಟೆನೆನ್ಸ್ ಎಂಜಿನಿಯರಿಂಗ್‌ಗೆ ಯಾವ ಕಾಲೇಜು ಒಳ್ಳೆಯದು?

ಶಿವಮೊಗ್ಗ: ಇದೊಂದೇ ಹೀಗಾಗಿದ್ದಾ, ಅಥವಾ ಈ ಮಾಡೆಲ್‌ನಲ್ಲೇ ಏನಾದರೂ ತೊಂದರೆ ಇದೆಯಾ?

ಎಂಜಿನಿಯರ್: ಇದು ಕೇಳಬೇಕಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಏರ್‌ಬಸ್ 320, ಬೋಯಿಂಗ್ 737ರಲ್ಲಿ ಕಿಟಕಿ ಪಕ್ಕ ಕೂತವರು ನೋಡಿರಬಹುದು. ಟೇಕಾಫ್‌ಗೆ ಮುಂಚೆ ರೆಕ್ಕೆಯ ಮುಂದಿನ ಅಂಚಿನಿಂದ ಒಂದು ಪಟ್ಟಿ ಚಾಚಿಕೊಳ್ಳುತ್ತದೆ. ಅದು ಸ್ಲ್ಯಾಟ್. ಮೂಗು ಎತ್ತಿದಾಗಲೂ ಗಾಳಿ ಬಿಟ್ಟುಹೋಗದಂತೆ ಹಿಡಿದಿಡುತ್ತದೆ. ಸಿಆರ್‌ಜೆ-200ಕ್ಕೆ ಅದು ಇಲ್ಲ. ಅದರ ಮೂಲವಾದ ಚಾಲೆಂಜರ್ 600 ಸರಣಿಯ ಬಿಸಿನೆಸ್ ಜೆಟ್‌ಗಳಿಗೂ ಇಲ್ಲ. ಅದೇ ಕಂಪನಿಯವರು ಆಮೇಲೆ ಮಾಡಿದ ಸಿಆರ್‌ಜೆ-700ಕ್ಕೆ ಸ್ಲ್ಯಾಟ್ ಇಟ್ಟಿದ್ದಾರೆ. ಸ್ಲ್ಯಾಟ್ ಇಲ್ಲದ್ದು ಕೆಟ್ಟ ವಿಮಾನ ಅಂತ ಅಲ್ಲ. ಹೇಳಿದ ಹಾಗೆ ನಡೆಸಿದರೆ ವರ್ಷಗಟ್ಟಲೆ ಹಾರುತ್ತದೆ. ಆದರೆ ತಪ್ಪಿದರೆ ಮಾಫಿ ಇಲ್ಲ.

2002ರ ಜನವರಿ 4, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಒಂದು ಚಾಲೆಂಜರ್ 604 ರಾತ್ರಿಯಿಡೀ ಹೊರಗೆ ನಿಂತಿತ್ತು. ಮೈ ಕೊರೆಯುವ ಚಳಿ. ಬೆಳಿಗ್ಗೆ ಅಕ್ಕಪಕ್ಕದ ವಿಮಾನಗಳ ರೆಕ್ಕೆ ಮೇಲೆ ಹೆಪ್ಪುಗಟ್ಟಿದ ಮಂಜು ತೆಗೆದರು, ಇದರದ್ದು ತೆಗೆಯಲಿಲ್ಲ. ಮಂಜಿನ ಬಗ್ಗೆ ಕಾಕ್‌ಪಿಟ್‌ನಲ್ಲಿ ಮಾತೂ ಆಗಿತ್ತು! ನೆಲ ಬಿಟ್ಟ ಕೂಡಲೇ ಎಡಕ್ಕೆ ಮಗುಚಿತು. ಪೈಲಟ್ ಬಲಕ್ಕೆ ತಿರುಗಿಸಿದರೂ ಕೇಳಲಿಲ್ಲ. ಐದೂ ಜನ ಸತ್ತರು.

2004ರ ನವೆಂಬರ್ 21, ಚೀನಾದ ಬಾವೊಟೌ. ಸಿಆರ್‌ಜೆ-200, ರಾತ್ರಿ ನಿಂತಿದ್ದು, ರೆಕ್ಕೆಯಲ್ಲಿ ಮಂಜು. ಪಾರ್ಕಿನ ಕೆರೆಗೆ ಬಿತ್ತು. ವಿಮಾನದಲ್ಲಿದ್ದ 53 ಜನ, ಕೆಳಗಿದ್ದ ಇಬ್ಬರು, ಎಲ್ಲರೂ ಸತ್ತರು. ಸರಿಯಾಗಿ ಒಂದು ವಾರಕ್ಕೆ, ನವೆಂಬರ್ 28ಕ್ಕೆ, ಅಮೆರಿಕದ ಕೊಲರಾಡೊ ರಾಜ್ಯದ ಮಾಂಟ್ರೋಸ್‌ನಲ್ಲಿ ಚಾಲೆಂಜರ್ 601. ಹಿಮ ಬೀಳುತ್ತಿತ್ತು, ರೆಕ್ಕೆ ತೊಳೆಯದೆ ಹೊರಟರು. ಆರು ಜನರಲ್ಲಿ ಮೂವರು ಹೋದರು. ಆಮೇಲೂ ನಿಲ್ಲಲಿಲ್ಲ. 2007ರಲ್ಲಿ ಮಾಸ್ಕೋ, 2008ರಲ್ಲಿ ಅರ್ಮೇನಿಯಾದ ಯೆರೆವಾನ್. ಆ ಎರಡರಲ್ಲೂ ಎಲ್ಲರೂ ಬದುಕಿದರು.

ರೆಕ್ಕೆ ಮೇಲೆ ಸ್ಯಾಂಡ್‌ಪೇಪರ್‌ನಷ್ಟು ತೆಳುವಾಗಿ, ಒರಟಾಗಿ ಮಂಜು ಕೂತರೆ ಸಾಕು, ಎತ್ತುವ ಶಕ್ತಿ 30 ಶೇಕಡಾವರೆಗೆ ಕಡಿಮೆಯಾಗಬಹುದು. ಸ್ಟಾಲ್ ಬರುವ ಮುಂಚೆ ಪೈಲಟ್ ಕೈಯಲ್ಲಿನ ಕಂಟ್ರೋಲ್ ಗಡಗಡ ನಡುಗಿ ಎಚ್ಚರಿಸಬೇಕು. ಮಂಜು ಇದ್ದರೆ ಆ ಎಚ್ಚರಿಕೆಗೂ ಮುಂಚೆಯೇ ರೆಕ್ಕೆ ಸೋಲುತ್ತದೆ. ಅದಕ್ಕೇ 2005ರಲ್ಲಿ ಆದೇಶ ಬಂತು: ಚಳಿಯಲ್ಲಿ ಈ ವಿಮಾನಗಳ ರೆಕ್ಕೆಯನ್ನು ಕಣ್ಣಲ್ಲಿ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ನೋಡಬೇಕು. ಏಣಿ ಹಾಕಿ, ಗ್ಲೌಸ್ ಬಿಚ್ಚಿ, ಮುಂದಿನ ಅಂಚಿನ ಮೇಲೆ ಅಂಗೈ ಆಡಿಸಬೇಕು. ಬಿಳಿ ಬಣ್ಣದ ರೆಕ್ಕೆಯ ಮೇಲೆ ತೆಳು ಮಂಜು ಕಣ್ಣಿಗೆ ಬೀಳುವುದಿಲ್ಲ, ಕೈಗೆ ಸಿಗುತ್ತದೆ. ಕೆಳಗೆ ನಿಂತು ಟಾರ್ಚ್ ಬಿಟ್ಟು ‘ಓಕೆ’ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಶಿರಸಿ: ಆದರೆ ಕಠ್ಮಂಡುವಿನಲ್ಲಿ ಜುಲೈ. ಮಂಜು ಎಲ್ಲಿಂದ ಬಂತು?

ಎಂಜಿನಿಯರ್: ಬಂದಿಲ್ಲ. ಅದನ್ನೇ ಹೇಳುತ್ತಿದ್ದೇನೆ. ಮಂಜು ಮಾಡುವ ಕೆಲಸವನ್ನು ಅಲ್ಲಿ ತಪ್ಪು ಕಾರ್ಡ್ ಮತ್ತು ಎತ್ತಿದ ರಭಸ ಮಾಡಿದವು. ರೆಕ್ಕೆ ಅದೇ.

ದಾವಣಗೆರೆ: ಇದನ್ನು ನೋಡಿ ಮೇಡಂ. (ಫಾರ್ವರ್ಡ್) “ರೆಕ್ಕೆ ಮೇಲೆ ಬಿಸಿ ಉಪ್ಪುನೀರು ಸುರಿದರೆ ಐದು ನಿಮಿಷದಲ್ಲಿ ಮಂಜು ಮಾಯ. ಏರ್‌ಲೈನ್‌ಗಳು ಇದನ್ನು ಮುಚ್ಚಿಡುತ್ತಿವೆ. ಎಲ್ಲರಿಗೂ ಕಳಿಸಿ.”

ಎಂಜಿನಿಯರ್: ಯಾರಿಗೂ ಕಳಿಸಬೇಡಿ. ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಕೊರೆಯುವ ಚಳಿಯಲ್ಲಿ ಬರೀ ನೀರು ಸುರಿದರೆ ಅದೇ ಹರಿದು ಹೋಗಿ ಸಂದುಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಕಂಟ್ರೋಲ್ ಹಿಡಿದುಕೊಳ್ಳುತ್ತದೆ. ಬಳಸುವುದು ಗ್ಲೈಕಾಲ್ ಬೆರೆಸಿದ ದ್ರವ. ಅದಕ್ಕೂ ಇಷ್ಟು ನಿಮಿಷ ಅಂತ ಗಡುವು ಇದೆ. ಆ ಗಡುವು ಮೀರಿದರೆ ಮತ್ತೆ ನೋಡಬೇಕು.

ಮಂಡ್ಯ: ನೇಪಾಳದ ಪೈಲಟ್‌ಗಳಿಗೆ ಟ್ರೈನಿಂಗೇ ಇಲ್ಲ. ಅಲ್ಲಿನ ಏರ್‌ಲೈನ್‌ಗಳನ್ನು ಯುರೋಪ್‌ನವರು 2013ರಲ್ಲೇ ಬ್ಯಾನ್ ಮಾಡಿದ್ದಾರೆ.

ಉಡುಪಿ: ಬ್ಯಾನ್ ಆಗಿರುವುದು ನಿಜ. ಅದಕ್ಕೆ ಮುಖ್ಯ ಕಾರಣ ಅಲ್ಲಿನ ಸರ್ಕಾರಿ ಉಸ್ತುವಾರಿ. ಪ್ರತಿ ಪೈಲಟ್ ದಡ್ಡ ಅಂತ ಅಲ್ಲ. ಬರ್ಮಿಂಗ್‌ಹ್ಯಾಮ್ ನೇಪಾಳದಲ್ಲಿದೆಯಾ?

ಮಂಡ್ಯ: ನೀವು ಯಾಕೆ ಅವರ ಪರ ವಕಾಲತ್ತು ಮಾಡುತ್ತೀರಿ?

ಕೊಪ್ಪಳ: ಬುಧವಾರ ರಾಹುಕಾಲದಲ್ಲಿ ಹೊರಟಿದ್ದಾರೆ ಸ್ವಾಮಿ, ಯಾರೂ ಅದನ್ನು ಹೇಳುತ್ತಿಲ್ಲ.

ಉಡುಪಿ: ಬುಧವಾರ ರಾಹುಕಾಲ ಶುರುವಾಗುವುದು ಹನ್ನೆರಡಕ್ಕೆ. ವಿಮಾನ ಬಿದ್ದದ್ದು ಹನ್ನೊಂದು ಗಂಟೆ ದಾಟಿದ ಮೇಲೆ.

ಕೊಪ್ಪಳ: ಅದು ನೇಪಾಳ ಟೈಮ್.

ಉಡುಪಿ: ನೇಪಾಳ ನಮಗಿಂತ 15 ನಿಮಿಷ ಮುಂದೆ. ಲೆಕ್ಕ ಹಾಕಿದರೆ ನಿಮಗೆ ಇನ್ನೂ ದೂರ ಆಗುತ್ತದೆ.

ಮಂಡ್ಯ: ಮಂಗಳೂರಿನಲ್ಲಿ 2010ರಲ್ಲಿ ಆದದ್ದೂ ಪೈಲಟ್ ತಪ್ಪೇ ಅಲ್ವಾ.

ಶಿವಮೊಗ್ಗ: ಅದು ಲ್ಯಾಂಡಿಂಗ್ ರೀ. ಇಲ್ಲಿ ಟೇಕಾಫ್ ಮಾತಾಡುತ್ತಿದ್ದೇವೆ.

ಅಡ್ಮಿನ್: ಜಗಳ ಬೇಡ. ಮೇಡಂಗೆ ಪ್ರಶ್ನೆ ಇದ್ದರೆ ಮಾತ್ರ ಬರೆಯಿರಿ.

ಗದಗ: ಪೈಲಟ್ ಸುಮ್ನೆ ಒಂದು ಸ್ವಿಚ್ ಮರೆತು ವಿಮಾನ ಬಿದ್ದದ್ದು ಇದೆಯಾ?

ಎಂಜಿನಿಯರ್: ಸ್ವಿಚ್ ಅಲ್ಲ, ಬೀಗ. 2014ರ ಮೇ 31, ಅಮೆರಿಕದ ಬೆಡ್‌ಫೋರ್ಡ್, ಗಲ್ಫ್‌ಸ್ಟ್ರೀಮ್ 4 ಬಿಸಿನೆಸ್ ಜೆಟ್. ನಿಂತ ವಿಮಾನದ ಬಾಲದ ರೆಕ್ಕೆ ಗಾಳಿಗೆ ಬಡಿದಾಡದಿರಲಿ ಅಂತ ಗಸ್ಟ್ ಲಾಕ್ ಹಾಕುತ್ತಾರೆ. ಅದನ್ನು ತೆಗೆಯದೇ ಓಡಿಸಿದರು. ಮೂಗು ಏಳಲಿಲ್ಲ, ರನ್‌ವೇ ಮುಗಿಯಿತು, ಏಳೂ ಜನ ಸತ್ತರು. ಹೊರಡುವ ಮುಂಚೆ ಕಂಟ್ರೋಲ್‌ಗಳನ್ನು ಪೂರ್ತಿ ಅಲ್ಲಾಡಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ರೆಕಾರ್ಡರ್ ತೆಗೆದು ನೋಡಿದರೆ, ಹಿಂದಿನ 175 ಟೇಕಾಫ್‌ಗಳಲ್ಲಿ ಆ ತಪಾಸಣೆ ಪೂರ್ತಿಯಾಗಿ ಮಾಡಿದ್ದು ಎರಡೇ ಸಲ. ಮರೆವು ಅನ್ನಬೇಡಿ. ಅಭ್ಯಾಸ.

ಮೈಸೂರು: 2025ರ ಜನವರಿ 31ರಂದು ಫಿಲಡೆಲ್ಫಿಯಾದಲ್ಲಿ ಬಿದ್ದ ಆಂಬುಲೆನ್ಸ್ ಜೆಟ್? ಅದರ ಬ್ಲ್ಯಾಕ್ ಬಾಕ್ಸ್ ಸಿಕ್ಕಿತಲ್ಲ.

ಎಂಜಿನಿಯರ್: ಸಿಕ್ಕಿತು. ಕಾಕ್‌ಪಿಟ್ ಧ್ವನಿ ರೆಕಾರ್ಡರ್‌ನಲ್ಲಿ ಆ ಹಾರಾಟದ ಮಾತೇ ಇರಲಿಲ್ಲ. ಕೆಲವು ವರ್ಷಗಳಿಂದಲೇ ಅದು ರೆಕಾರ್ಡ್ ಮಾಡುತ್ತಿರಲಿಲ್ಲ ಅಂತ ತನಿಖಾಧಿಕಾರಿಗಳ ಅಂದಾಜು.

ಬಳ್ಳಾರಿ: ಅಹಮದಾಬಾದ್‌ನದ್ದೂ ಸ್ಟಾಲ್ ಅಲ್ವಾ ಮೇಡಂ? ಅಲ್ಲಿ ಬದುಕಿದ ಒಬ್ಬರು ಕೂತಿದ್ದ 11ಎ ಸೀಟೇ ಸೇಫ್ ಅಂತೆ, ನಿಜನಾ?

ಎಂಜಿನಿಯರ್: ಅದು ಬೋಯಿಂಗ್ 787, ಸಣ್ಣ ಜೆಟ್ ಅಲ್ಲ, ಇವತ್ತಿನ ವಿಷಯವೂ ಅಲ್ಲ. ಯಾವ ಸೀಟೂ ಸೇಫ್ ಅಂತ ಬರೆದುಕೊಡಲು ಆಗುವುದಿಲ್ಲ. ಕಠ್ಮಂಡುವಿನಲ್ಲಿ ಉಳಿದದ್ದು ಕ್ಯಾಪ್ಟನ್. ಹಾಗಂತ ಕಾಕ್‌ಪಿಟ್‌ನಲ್ಲಿ ಟಿಕೆಟ್ ಕೇಳುತ್ತೀರಾ?

ಬಳ್ಳಾರಿ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ ಮೇಡಂ.

ಹಾಸನ: ಕಾಲೇಜಿನ ಬಗ್ಗೆ ಕೇಳಿದ್ದೆ...

ದಾವಣಗೆರೆ: (ಫಾರ್ವರ್ಡ್) “ತಲೆ ಬಗ್ಗಿಸಿ ಕೂರಲು ಹೇಳುವುದು ಬೇಗ ಸಾಯಲಿ, ಪರಿಹಾರ ಉಳಿಯಲಿ ಅಂತ.”

ಎಂಜಿನಿಯರ್: ಅಡ್ಮಿನ್, ಇವರಿಗೆ ನೀವೇ ಹೇಳಿ. ತಲೆ ಬಗ್ಗಿಸುವುದು ಮುಂದಿನ ಸೀಟಿಗೆ ತಲೆ ಅಪ್ಪಳಿಸದಿರಲಿ ಅಂತ. ಈ ಸುಳ್ಳು ನಂಬಿ ಯಾರಾದರೂ ನೆಟ್ಟಗೆ ಕೂತರೆ ಹೊಣೆ ಯಾರು?

ಅಡ್ಮಿನ್: ದಾವಣಗೆರೆಯವರನ್ನು ಇವತ್ತಿನ ಮಟ್ಟಿಗೆ ಮ್ಯೂಟ್ ಮಾಡಿದ್ದೇನೆ.

ಹುಬ್ಬಳ್ಳಿ: ಮೇಡಂ, ನಾಳೆ ಬೆಂಗಳೂರಿಗೆ ಎಟಿಆರ್ ವಿಮಾನದಲ್ಲಿ ಟಿಕೆಟ್ ಇದೆ. ಅದಕ್ಕೆ ಸ್ಲ್ಯಾಟ್ ಇದೆಯಾ?

ಎಂಜಿನಿಯರ್: ಇಲ್ಲ. ಫ್ಯಾನ್ ತಿರುಗುವ ವಿಮಾನ ಅದು, ರೆಕ್ಕೆಯ ಲೆಕ್ಕವೇ ಬೇರೆ. ಹುಬ್ಬಳ್ಳಿಯಲ್ಲಿ ಮಂಜುಗಡ್ಡೆಯೂ ಕೂರುವುದಿಲ್ಲ. ಹೋಗಿ ಬನ್ನಿ.

ಹುಬ್ಬಳ್ಳಿ: ಇಷ್ಟೆಲ್ಲಾ ಓದಿದ ಮೇಲೆ ಹೋಗಿ ಬನ್ನಿ ಅಂದರೆ ಹೆಂಗ್ರೀ? ಟಿಕೆಟ್ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತದಾ, ಯಾರಿಗಾದರೂ ಗೊತ್ತಾ?